ಹೆಸರಿಲ್ಲದವಳ ಹಣೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಈ ಮಾತು ಬಂದಾಗಲೆಲ್ಲ ನಮ್ಮ ಮನೆಯವರು "ಇಬ್ಬರದೂ ತಪ್ಪು ಕಣೆ ಗೌರಿ" ಎಂದು ಅರ್ಧ ಪಾಲು ತಮ್ಮ ತಲೆಗೆ ಹಾಕಿಕೊಳ್ಳಲು ಮುಂದೆ ಬರುತ್ತಾರೆ. ಅವರ ಜಾಯಮಾನವೇ ಅಂಥದ್ದು. ಹೆಸರು ನೀಲಕಂಠಸ್ವಾಮಿ, ಹುಣಸೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹುಡುಗರು ಬಿಡಿಸಿದ ಆನೆ ಹಂದಿಯ ಹಾಗಿದ್ದರೂ "ಸೊಂಡಿಲು ಪರವಾಗಿಲ್ಲ" ಎಂದು ಹತ್ತಕ್ಕೆ ಐದು ಹಾಕುವ ಆಸಾಮಿ. ನಾನು ಹಾಗಲ್ಲ. ಮಂಗಳಗೌರಿ ಎಂದು ಅಪ್ಪ ಹೆಸರಿಟ್ಟರೂ ನಮ್ಮ ಬೀದಿಯವರು ನನ್ನ ಬೆನ್ನ ಹಿಂದೆ ಏನೆಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತು. ಕರೆದುಕೊಳ್ಳಲಿ, ಆಡುವವರ ಬಾಯಿಗೆ ಬೀಗ ಹಾಕಲಾದೀತೇ.

ಅರವತ್ತೊಂಬತ್ತನೇ ಇಸವಿ. ದೀಪಾವಳಿ ಮುಗಿದ ಎರಡನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಕುಸಿದು ಬಿದ್ದಳು. ಯಾರೋ ಪುಣ್ಯಾತ್ಮರು ಜಟಕಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ಬಲಗಡೆ ಪೂರ್ತಿ ಲಕ್ವ ಹೊಡೆದಿತ್ತು, ಮಾತು ಬಿದ್ದುಹೋಗಿತ್ತು. ಕೈಯಲ್ಲಿದ್ದ ಗಂಟು ಬಿಚ್ಚಿದರೆ ಒಂದು ಸೀರೆ, ಒಂದು ಎಲೆಅಡಿಕೆ ಚೀಲ, ಮುತ್ತುಗದ ಎಲೆಯಲ್ಲಿ ಸುತ್ತಿದ ಎಂಟು ಕಜ್ಜಾಯ. ಹಬ್ಬಕ್ಕೆ ಬಂದು ಹಿಂತಿರುಗುತ್ತಿದ್ದಳೋ, ಹಬ್ಬದ ತಿಂಡಿ ಹೊತ್ತು ಯಾರನ್ನೋ ನೋಡಲು ಹೊರಟಿದ್ದಳೋ, ಕಜ್ಜಾಯ ನೋಡಿ ಹೇಗೆ ಹೇಳುವುದು.

ಡಾಕ್ಟರು ಒಳ್ಳೆಯವರು. ಸುತ್ತಲ ಊರುಗಳ ಹೆಸರನ್ನೆಲ್ಲ ಒಂದೊಂದಾಗಿ ಕೇಳಿದರಂತೆ. ಪಿರಿಯಾಪಟ್ಟಣವೇ? ಹೂಂ ಎಂದು ತಲೆಯಾಡಿಸಿದಳು. ಎಚ್.ಡಿ. ಕೋಟೆಯೇ? ಅದಕ್ಕೂ ಹೂಂ. ಕೆ.ಆರ್. ನಗರವೇ? ಅದಕ್ಕೂ ಹೂಂ. ಪಕ್ಕದಲ್ಲಿದ್ದ ಕಂಪೌಂಡರ್ ತಮಾಷೆಗೆ "ಲಂಡನ್ನಾ?" ಎಂದನಂತೆ, ಪಾಪ, ಅದಕ್ಕೂ ತಲೆಯಾಡಿಸಿದಳು. ಕೇಳಿದವರ ಮಾತನ್ನು ತೆಗೆದುಹಾಕಬಾರದೆಂಬ ಸಂಕೋಚದ ಜೀವ. ಠಾಣೆಯವರು ಬಂದು ಬರೆದುಕೊಂಡು ಹೋದರು. ಹೆಸರಿನ ಮುಂದೆ ಗೊತ್ತಿಲ್ಲ, ಊರಿನ ಮುಂದೆ ಗೊತ್ತಿಲ್ಲ. ಒಂದು ತಿಂಗಳೊಳಗೆ ಯಾರೂ ಬರದಿದ್ದರೆ ಮೈಸೂರಿನ ಅನಾಥಾಲಯಕ್ಕೆ ಕಳಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಅಲ್ಲಿಗೆ ಹೋದಮೇಲೆ ಮುಗಿಯಿತು. ಹಳ್ಳಿಯಿಂದ ಹುಡುಕಿಕೊಂಡು ಬರುವವರಿಗೆ ಹುಣಸೂರೇ ದೂರ, ಆ ಮೈಸೂರಿನಲ್ಲಿ ಯಾವ ಬಾಗಿಲು ತಟ್ಟಿಯಾರು?

ಫೋಟೋ ತೆಗೆಸಿ ಊರೂರಿಗೆ ಕಳಿಸೋಣವೆಂದು ಸ್ಟುಡಿಯೋದವನನ್ನು ಕರೆಸಿದರು. ಅವನು ದೀಪ ಹೊಡೆದ ಕೂಡಲೇ ಆಕೆ ಎಡಗೈಯಿಂದ ಸೆರಗು ಎಳೆದು ಮುಖ ಮುಚ್ಚಿಕೊಂಡಳು. ಮೂರು ಸಲ ಹೊಡೆದ. ಮೂರು ಫೋಟೋದಲ್ಲೂ ಸೆರಗು ಬಹಳ ಚೆನ್ನಾಗಿ ಬಂದಿತ್ತು. ಆಮೇಲೆ ಡಾಕ್ಟರಿಗೆ ನಮ್ಮ ಮೇಷ್ಟ್ರ ನೆನಪಾಯಿತು.

ಇವರು ಮೂರು ಸಂಜೆ ಸ್ಕೂಲು ಬಿಟ್ಟಮೇಲೆ ಆಸ್ಪತ್ರೆಗೆ ಹೋಗಿ ಅವಳ ಮಂಚದ ಪಕ್ಕ ಕುಳಿತರು. ಮೊದಲ ಸಂಜೆ ಪೆನ್ಸಿಲ್ಲನ್ನೇ ತೆಗೆಯಲಿಲ್ಲವಂತೆ, ಸುಮ್ಮನೆ ಮಳೆಬೆಳೆ ಮಾತಾಡಿದರಂತೆ. ಮಾತು ಬಾರದವಳ ಹತ್ತಿರ ಮಾತಾಡಿ ಬಂದಿರಲ್ಲ, ಮನೆಯಲ್ಲಿ ಮಾತು ಬರುವವಳು ಒಬ್ಬಳಿದ್ದಾಳೆ ಎಂದು ನಾನು ಚುಚ್ಚಿದೆ. ಮೂರನೇ ಸಂಜೆ ಚಿತ್ರ ಮುಗಿಸಿ ತಂದು ದೀಪದ ಕೆಳಗೆ ಹಿಡಿದರು. ಐವತ್ತರ ಹತ್ತಿರದ ಮುಖ. ಕೆನ್ನೆಯ ಮೂಳೆ ಎದ್ದಿದೆ, ಓಲೆ ಹಾಕಿ ಹಾಕಿ ಕಿವಿಯ ತೂತು ಜೋತಿದೆ, ಆದರೆ ಓಲೆ ಇಲ್ಲ. ಎಡಗೈ ಗಲ್ಲದ ಕೆಳಗೆ ಬಂದಿದೆ, ಮುಂಗೈಯ ಮೇಲೆ ತೊಟ್ಟಿಲ ಹಚ್ಚೆ. ಕಣ್ಣು ನಿಮ್ಮನ್ನೇ ನೋಡುತ್ತಿದೆ, ನೋಡಿದ್ದಕ್ಕೆ ಕ್ಷಮಿಸಿ ಎಂದು ಕೇಳುತ್ತಲೂ ಇದೆ.

"ಬಾಯಿ ಒಂದು ಕಡೆ ಎಳೆದುಕೊಂಡಿದೆ ಅಂದಿದ್ರಿ. ಇಲ್ಲಿ ನೆಟ್ಟಗಿದೆಯಲ್ಲ?" ಎಂದು ಕೇಳಿದೆ.

"ನೆಟ್ಟಗೆ ಮಾಡಿದೆ ಕಣೆ. ಅವರ ಮನೆಯವರಿಗೆ ಗೊತ್ತಿರೋದು ಕಾಯಿಲೆಗೆ ಮುಂಚಿನ ಮುಖ ತಾನೇ."

ಈ ಮಾತನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಮಾರನೇ ದಿನದಿಂದ ನಮ್ಮ ಮನೆ ಸಂತೆಯಾಯಿತು. ಕುರುಡರು ಆನೆ ಮುಟ್ಟಿದ ಹಾಗೆ ಬಂದವರೆಲ್ಲ ಚಿತ್ರಕ್ಕೆ ಒಂದೊಂದು ಅರ್ಥ ಹೇಳಿದರು. ಪಕ್ಕದ ಮನೆಯ ಸುನಂದಮ್ಮ ಕಿವಿಯ ತೂತು ನೋಡಿ, "ಇಷ್ಟು ಜೋತಿದೆ ಅಂದ್ರೆ ತೂಕದ ಚಿನ್ನ ಕಣ್ರೀ, ಸಾಹುಕಾರರ ಮನೆಯವಳು" ಎಂದರು. ಪ್ರೆಸ್ ಇಟ್ಟುಕೊಂಡಿದ್ದ ಕಂಠಪ್ಪನವರು ಕನ್ನಡಕ ಏರಿಸಿ ಹಚ್ಚೆ ನೋಡಿ, ತೊಟ್ಟಿಲು ಹುಯ್ಯಿಸಿಕೊಂಡಿದ್ದಾಳೆ ಅಂದಮೇಲೆ ಮಕ್ಕಳಿಲ್ಲದೆ ಹರಕೆ ಹೊತ್ತವಳಿರಬೇಕು ಎಂದರು. ಹಾಗಲ್ಲ, ಮನೆ ತುಂಬ ಮಕ್ಕಳಿರುವವಳು ಎಂದು ಇನ್ನೊಬ್ಬರು. ಕೈಗೆ ಬಳೆ ಇಲ್ಲದ್ದನ್ನು, ಕತ್ತಿನಲ್ಲಿ ತಾಳಿ ಇಲ್ಲದ್ದನ್ನು ಎಲ್ಲರೂ ನೋಡಿದರು. ಅದಕ್ಕೂ ಉತ್ತರ ಸಿದ್ಧವಿತ್ತು. ಮೈಮೇಲೆ ಎಚ್ಚರವಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದಳಲ್ಲ, ಕಳ್ಳರು ಸುಮ್ಮನೆ ಬಿಡುತ್ತಾರೆಯೇ?

ನಾನೂ ಹಾಗೇ ನಂಬಿದೆ. ನಂಬಬೇಕೆಂದೇ ನಂಬಿದೆನೋ ಏನೋ.

ಅವತ್ತು ಕಾರ್ತಿಕದ ಶುಕ್ರವಾರ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಮನೆಯಲ್ಲಿರುವ ಪಟಗಳಿಗೆಲ್ಲ ನೀರು ಮುಟ್ಟಿಸಿ ಒರೆಸಿ, ದೇವಿಯರಿಗೂ, ಮುತ್ತೈದೆಯಾಗಿ ಹೋದ ನಮ್ಮತ್ತೆಯ ಫೋಟೋಗೂ ಕುಂಕುಮ ಇಡುವುದು ನನ್ನ ಪದ್ಧತಿ. ಅತ್ತೆಯ ಫೋಟೋದ ಪಕ್ಕದಲ್ಲೇ ಇವರು ಆ ಚಿತ್ರವನ್ನು ಒರಗಿಸಿಟ್ಟಿದ್ದರು. ಅತ್ತೆಗೆ ಇಟ್ಟೆ. ಬೆರಳ ತುದಿಯಲ್ಲಿ ಇನ್ನೂ ಕುಂಕುಮ ಉಳಿದಿತ್ತು. ಪಕ್ಕದ ಬೋಳು ಹಣೆ ನೋಡಿ ನನಗೆ ಸಂಕಟವಾಯಿತು. ಮನೆಗೆ ಬಂದ ಹೆಂಗಸನ್ನು ಶುಕ್ರವಾರ ಬರಿ ಹಣೆಯಲ್ಲಿ ನಿಲ್ಲಿಸುವುದೇ? ಕಾಸಿನಗಲ ಇಟ್ಟುಬಿಟ್ಟೆ. ಆಹಾ, ಮುಖಕ್ಕೆ ಎಂಥ ಕಳೆ ಬಂತು! ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟೆ.

ಸಂಜೆ ಇವರು ಬಂದವರೇ ನಿಂತುಬಿಟ್ಟರು.

"ಏನೇ ಮಾಡಿದೆ ಇದು? ಅವರ ಹಣೆ ಮೇಲೆ ಕುಂಕುಮ ಇರಲಿಲ್ಲ."

"ಆಸ್ಪತ್ರೇಲಿ ಮುಖ ತೊಳೆಸಿರ್ತಾರೆ. ಆಮೇಲೆ ಯಾರು ಇಡ್ತಾರೆ, ನಿಮ್ಮ ಡಾಕ್ಟ್ರಾ?"

"ನಾನು ಕಂಡಿದ್ದನ್ನ ಬರೆದಿದ್ದೆ ಗೌರಿ."

"ಕಂಡಿದ್ದನ್ನಾ? ಬಾಯಿ ಸೊಟ್ಟಗಿತ್ತಲ್ಲ, ಅದನ್ನ ಯಾಕೆ ನೆಟ್ಟಗೆ ಮಾಡಿದ್ರಿ? ನೀವು ಬಾಯಿ ಸರಿ ಮಾಡಬಹುದು, ನಾನು ಹಣೆ ಸರಿ ಮಾಡಬಾರದಾ? ಬರಿ ಹಣೆ ಚಿತ್ರ ಊರೂರಿಗೆ ಅಂಟಿಸಿದ್ರೆ ಆಕೆ ಗಂಡ ನೋಡಿ ಎದೆ ಒಡ್ಕೊಂಡು ಸಾಯಲ್ವಾ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ಮೇಷ್ಟ್ರು ನನ್ನ ಮುಂದೆ ವಾದದಲ್ಲಿ ಗೆದ್ದದ್ದಿಲ್ಲ. ಅವತ್ತೊಂದು ದಿನ ಗೆದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ನೆಲಕ್ಕೆ ಹಾಸುವ ಲಿನೋಲಿಯಂ ಇದೆಯಲ್ಲ, ಅದರ ತುಂಡಿನ ಮೇಲೆ ಸಣ್ಣ ಉಳಿಯಿಂದ ಚಿತ್ರ ಕೊರೆದು ಅಚ್ಚು ಮಾಡುವುದು ಇವರಿಗೆ ಗೊತ್ತಿತ್ತು. ಕೊರೆದು ತೆಗೆದ ಜಾಗ ಕಾಗದದ ಮೇಲೆ ಬಿಳಿಯಾಗಿ ಬರುತ್ತದೆ, ಉಬ್ಬಿ ಉಳಿದ ಜಾಗ ಕಪ್ಪಾಗಿ ಬರುತ್ತದೆ. ಎರಡು ದಿನ ಕೂತು ಆ ಚಿತ್ರವನ್ನು ನೋಡಿಕೊಂಡು ಕೊರೆದರು. ಹಣೆಯ ನಡುವೆ ದುಂಡಗೆ ಒಂದು ಚುಕ್ಕಿಯನ್ನು ಉಬ್ಬಾಗಿ ಉಳಿಸಿದರು. ಕಂಠಪ್ಪನವರು ಕೆಳಗೆ ಅಕ್ಷರದ ಮೊಳೆ ಜೋಡಿಸಿದರು. "ಸುಮಾರು ಐವತ್ತು ವಯಸ್ಸಿನ ಈ ಮುತ್ತೈದೆ ಹುಣಸೂರು ಆಸ್ಪತ್ರೆಯಲ್ಲಿದ್ದಾರೆ. ಮಾತು ಬರುವುದಿಲ್ಲ. ಗುರುತು ಹಿಡಿದವರು ಕೂಡಲೇ ಬರುವುದು." ಮುತ್ತೈದೆ ಎಂಬ ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಿತ್ರದಲ್ಲೇ ಕಾಣುತ್ತಿತ್ತಲ್ಲ, ಜೋಡಿಸಿಬಿಟ್ಟರು. ಒಂದು ಕಾಸೂ ಮುಟ್ಟದೆ ಅರವತ್ತು ಹಾಳೆ ಹೊಡೆದುಕೊಟ್ಟರು.

ಬಸ್ ಕಂಡಕ್ಟರುಗಳ ಕೈಗೆ ಕೊಟ್ಟು ಕಳಿಸಿದೆವು. ಪಿರಿಯಾಪಟ್ಟಣಕ್ಕೆ ಹೋಯಿತು, ಕೋಟೆಗೆ ಹೋಯಿತು, ಕೆ.ಆರ್. ನಗರಕ್ಕೆ, ಗುರುಪುರಕ್ಕೆ, ಬೈಲಕುಪ್ಪೆಯ ಟಿಬೆಟ್ಟಿನವರ ಅಂಗಡಿ ಬಾಗಿಲಿಗೂ ಹೋಯಿತು. ನಾನು ದಿನಾ ಬೆಳಿಗ್ಗೆ ಎದ್ದು ಇವತ್ತು ಬರುತ್ತಾರೆ ಎನ್ನುತ್ತಿದ್ದೆ.

ಬಂದರು, ಬರಲಿಲ್ಲವೆಂದಲ್ಲ. ಪಿರಿಯಾಪಟ್ಟಣದ ಕಡೆಯಿಂದ ಒಬ್ಬ ಮುದುಕ ಬಂದ. ನಾಲ್ಕು ವರ್ಷದ ಹಿಂದೆ ಜಾತ್ರೆಯಲ್ಲಿ ತಪ್ಪಿಸಿಕೊಂಡ ಹೆಂಡತಿಯನ್ನು ಹುಡುಕುತ್ತಿದ್ದನಂತೆ. ನೋಡಿ, ಸುಮ್ಮನೆ ಕಣ್ಣೊರೆಸಿಕೊಂಡು ಹೋದ. ಗುರುಪುರದಿಂದ ಒಬ್ಬ ಬಂದ. ಜಗಳವಾಡಿಕೊಂಡು ಹೋದವಳನ್ನು ಹುಡುಕಿ ಬಂದವನು. ಮಂಚದ ಬಳಿ ನಿಂತು, "ಅಲ್ಲ ಬುಡಿ ಸಾಮಿ, ನನ್ನೋಳು ಇಷ್ಟೊಂದು ಸಾಧು ಅಲ್ಲ" ಎಂದು ಹಿಂತಿರುಗಿದ. ಇನ್ನೂ ಇಬ್ಬರು ಬಂದರು. ಬಂದವರೆಲ್ಲ ಗಂಡಂದಿರೇ. ಅದು ಯಾಕೆ ಹಾಗೆ ಎಂದು ಒಂದು ಸಲವಾದರೂ ಯೋಚಿಸಬೇಡವೇ ನಾನು? ಊರಿಗೆಲ್ಲ ಬುದ್ಧಿ ಹೇಳುವವಳು!

ಹೀಗೇ ಹದಿನೈದು ದಿನ ಕಳೆಯಿತು. ಮುಂದಿನ ಸೋಮವಾರ ಮೈಸೂರಿನಿಂದ ವ್ಯಾನು ಬರುತ್ತದೆ ಎಂದು ಡಾಕ್ಟರು ಹೇಳಿಕಳಿಸಿದರು. ಉಳಿದಿದ್ದು ಆರು ದಿನ.

ಅಲ್ಲಿಯತನಕ ನಾನು ಅವಳನ್ನು ನೋಡಿಯೇ ಇರಲಿಲ್ಲ ಎಂದರೆ ನೀವು ನಂಬಬೇಕು. ಆಸ್ಪತ್ರೆಯ ಫಿನಾಯಿಲ್ ವಾಸನೆ ನನಗಾಗದು ಎಂದು ಇವರಿಗೆ ಹೇಳಿದ್ದೆ. ನಿಜವೆಂದರೆ ಹೆದರಿಕೆ. ಚಿತ್ರದ ಆ ಮುಖ ದಿನಾ ನನ್ನ ಎದುರಿಗಿತ್ತು, ಅದೇ ಸಾಕೆನಿಸಿತ್ತು. ಆದರೆ ಅನಾಥಾಲಯಕ್ಕೆ ಹೋಗುವವಳನ್ನು ಹಾಗೇ ಕಳಿಸಲು ಮನಸ್ಸಾಗದೆ ಒಂದು ಸೀರೆ, ಡಬ್ಬಿಯಲ್ಲಿ ರಾಗಿ ಗಂಜಿ ತೆಗೆದುಕೊಂಡು ಹೊರಟೆ. ಚಿತ್ರವನ್ನೂ ಕಂಕುಳಲ್ಲಿ ಇಟ್ಟುಕೊಂಡೆ. ತನ್ನ ಮುಖ ತಾನು ನೋಡಿದರೆ ಏನಾದರೂ ನೆನಪು ಬಂದು ಊರಿನ ಹೆಸರಿಗೆ ಸರಿಯಾಗಿ ತಲೆಯಾಡಿಸಿಯಾಳೇನೋ ಎಂಬ ಆಸೆ.

ವಾರ್ಡಿನ ಆಯಾ ಕೆಂಚಿ ಅವಳ ತಲೆ ಬಾಚುತ್ತಿದ್ದಳು. ಕೆಂಚಿ ಕಾಕನಕೋಟೆ ಕಡೆ ಕಾಡಂಚಿನ ಹಾಡಿಯವಳು. ಕೆಲಸವಿಲ್ಲದ ಹೊತ್ತಿನಲ್ಲೂ ಆ ಹೆಂಗಸಿನ ಮಂಚದ ಬಳಿಯೇ ಕೂರುತ್ತಿದ್ದಳಂತೆ.

"ಬನ್ನಿ ಮೇಷ್ಟ್ರಮ್ಮ. ನೋಡವ್ವ, ನಿನ್ನ ಚಿತ್ರ ಬರ್ದರಲ್ಲ, ಅವ್ರ ಮನೆಯವ್ರು ಬಂದವ್ರೆ."

ಆಕೆ ನನ್ನನ್ನು ನೋಡಿ ಅರ್ಧ ಬಾಯಿಯಲ್ಲಿ ನಕ್ಕಳು. ಬಾಯಿ ಎಷ್ಟು ಸೊಟ್ಟಗಾಗಿತ್ತೆಂದು ಆಗ ಕಂಡೆ. ನಾಲ್ಕು ಚಮಚ ಗಂಜಿ ಕುಡಿಸಿದೆ, ಎರಡು ಚಮಚ ಗಲ್ಲದ ಮೇಲೆ ಹರಿಯಿತು, ಒರೆಸಿದೆ. ಆಮೇಲೆ ಚಿತ್ರ ಬಿಚ್ಚಿ ಅವಳ ಮುಂದೆ ಹಿಡಿದೆ.

ಆಕೆ ನೋಡಿದಳು. ನೋಡಿ, ಎಡಗೈಯನ್ನು ಎತ್ತಿ ಎದೆಯ ಮುಂದೆ ಹಿಡಿದು ತಲೆ ಬಗ್ಗಿಸಿದಳು. ಚಿತ್ರಕ್ಕೆ ಕೈ ಮುಗಿಯುತ್ತಿದ್ದಾಳೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಕೈ ಮುಗಿಯಲು ಅವಳಿಗೆ ಉಳಿದಿದ್ದು ಒಂದೇ ಕೈ.

"ಅಯ್ಯೋ, ಇದ್ಯಾವ್ದೋ ದೇವ್ರು ಅಲ್ಲ ಕಣವ್ವ. ನೀನೇ ಇದು!" ಎಂದು ಕೆಂಚಿ ನಕ್ಕಳು.

ಆಕೆ ತಲೆ ಅಲ್ಲಾಡಿಸಿದಳು. ಹೂಂ ಎಂದಲ್ಲ, ಇಲ್ಲ ಎಂದು. ಲಂಡನ್ನಿಗೂ ಹೂಂ ಎಂದವಳು, ಕೇಳಿದ ಯಾವುದಕ್ಕೂ ಒಂದು ಸಲ ಇಲ್ಲ ಎನ್ನದವಳು, ಈಗ ಇಲ್ಲ, ಇಲ್ಲ ಎಂದು ಬಲವಾಗಿ ತಲೆ ಆಡಿಸಿದಳು. ಆಮೇಲೆ ಚಿತ್ರದ ಹಣೆಯ ಮೇಲಿನ ಕೆಂಪು ಬೊಟ್ಟಿನ ಕಡೆ ಬೆರಳು ತೋರಿಸಿದಳು. ಅದೇ ಬೆರಳನ್ನು ತನ್ನ ಹಣೆಯ ಮೇಲಿಟ್ಟಳು. ಆಮೇಲೆ ಅಂಗೈಯನ್ನು ಬಿಡಿಸಿ ನಮ್ಮ ಮುಂದೆ ಆಡಿಸಿದಳು. ಇಲ್ಲ. ನನಗೆ ಇದಿಲ್ಲ. ಬಹಳ ದಿನವಾಯಿತು, ಇಲ್ಲ.

ಕೆಂಚಿಯ ನಗು ನಿಂತಿತು. "ಮೇಷ್ಟ್ರಮ್ಮ, ಈಯವ್ವಂಗೆ ಗಂಡ ಇಲ್ಲ ಕಣ್ರೀ" ಎಂದು ಮೆಲ್ಲಗೆ ಹೇಳಿದಳು.

ಊರೂರಿನ ಗೋಡೆಗಳ ಮೇಲೆ ನಾನು ಈಕೆಯನ್ನಲ್ಲ, ಬೇರೆ ಯಾವಳನ್ನೋ ಅಂಟಿಸಿದ್ದೆ. ಇವಳನ್ನು ಹುಡುಕುವ ಮಕ್ಕಳು ಆ ಮುಖದ ಮುಂದೆಯೇ ಹಾದುಹೋಗಿರಬಹುದು, ಯಾರೋ ಮುತ್ತೈದೆ ಎಂದುಕೊಂಡು. ಆಕೆ ನನ್ನ ಮುಖ ನೋಡಿ ಏನು ತಿಳಿದಳೋ, ತಾನೇ ತಪ್ಪು ಮಾಡಿದವಳಂತೆ ನನ್ನ ಮೊಣಕೈ ಸವರಿದಳು. ಹಾಳಾದ್ದು, ಅದನ್ನು ಮಾತ್ರ ನನಗೆ ತಡೆಯಲಾಗಲಿಲ್ಲ.

ಮನೆಗೆ ಬಂದು ಇವರು ಕಾಲು ತೊಳೆಯುತ್ತಿದ್ದ ಹಾಗೇ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇವರು ಚೊಂಬು ಕೆಳಗಿಟ್ಟು, "ಅವತ್ತು ನಿನಗೆ ಅಷ್ಟು ಹಟ ಯಾಕೆ ಬಂತು ಗೌರಿ?" ಎಂದು ಮಾತ್ರ ಕೇಳಿದರು.

ಆಗ ನಾನು ಹೇಳಿದೆ. ಅಪ್ಪ ಹೋದಾಗ ನನಗೆ ಹನ್ನೊಂದು ವರ್ಷ. ಅಮ್ಮ ಆಮೇಲೆ ಹಣೆಗೆ ಬರಿ ವಿಭೂತಿ ಹಚ್ಚುತ್ತಿದ್ದಳು. ನನ್ನ ಮದುವೆಯ ದಿನ ಚಪ್ಪರಕ್ಕೆ ಬರದೆ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಧಾರೆಯ ಹೊತ್ತಿಗೆ ಚಿಕ್ಕಮ್ಮ ಬಂದು ನನಗೆ ಕುಂಕುಮ ಇಟ್ಟರು. ಅಮ್ಮ ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅಮ್ಮನೂ ಇಲ್ಲ. ಬೋಳು ಹಣೆ ಕಂಡರೆ ನನಗೆ ಆ ಬಾಗಿಲೇ ಕಾಣುತ್ತದೆ. ಚಿತ್ರದಲ್ಲಾದರೂ ಇರಲಿ ಎಂದು ಇಟ್ಟೆ. ಯಾರ ಹಣೆ, ಯಾರ ಬದುಕು ಎಂದು ನಾನು ಕೇಳಿಕೊಳ್ಳಲಿಲ್ಲ.

ಇವರು ಒಳಗೆ ಹೋಗಿ ಲಿನೋಲಿಯಂ ಅಚ್ಚು, ಉಳಿ ತಂದರು. "ಚುಕ್ಕಿ ಉಬ್ಬಿದೆಯಲ್ಲ, ಅದನ್ನ ಸವರಿ ತೆಗೆದರೆ ಆಯ್ತು. ಬೇರೆ ಏನೂ ಮಾಡೋ ಹಾಗಿಲ್ಲ" ಎಂದರು. ಕೂತರು, ಉಳಿ ಹಿಡಿದರು. ಹಿಡಿದವರು ಮತ್ತೆ ಕೆಳಗಿಟ್ಟರು.

"ಆಗಲ್ಲ ಕಣೆ. ಹೆಣ್ಣುಮಗಳ ಹಣೇಲಿ ಇರೋದನ್ನ ನಾನು ಹೇಗೆ ಕೀಳಲಿ."

"ಕೊಡಿ ಇಲ್ಲಿ. ಇಟ್ಟೋಳು ನಾನು."

ಉಳಿ ಹೇಗೆ ಹಿಡಿಯಬೇಕೆಂದು ತೋರಿಸಿದರು. ಒಂದೇ ತಳ್ಳು. ಹೆಸರುಕಾಳಿನಷ್ಟು ಚೂರು ಎದ್ದು ನೆಲಕ್ಕೆ ಬಿತ್ತು. ಮನೆಯಲ್ಲಿ ಗಂಡ ಸತ್ತಾಗ ಹತ್ತು ಜನ ಸೇರಿ ಹೆಂಗಸಿಗೆ ಮಾಡುವ ಕೆಲಸವನ್ನು ನಾನು ಒಬ್ಬಳೇ ಜಗಲಿಯಲ್ಲಿ ಕೂತು ಮಾಡಿದೆ. ಆಮೇಲೆ ಅಚ್ಚು ಎತ್ತಿಕೊಂಡು ಪ್ರೆಸ್ಸಿಗೆ ಹೊರಟೆ.

ಪ್ರೆಸ್ಸಿನಲ್ಲಿ ಕಂಠಪ್ಪನವರು ಇಕ್ಕಳದಿಂದ ಮುತ್ತೈದೆ ಎಂಬ ಮೊಳೆಗಳನ್ನು ಒಂದೊಂದಾಗಿ ಕಿತ್ತರು. "ಅಲ್ಲಿ ವಿಧವೆ ಅಂತ ಜೋಡಿಸಲಾ ತಾಯಿ?" ಎಂದು ಕೇಳಿದರು. ನನಗೆ ಆ ಮಾತು ಬೇಡವಾಗಿತ್ತು, ಆದರೆ ನನಗೆ ಬೇಕು ಬೇಡ ಎಂದು ನೋಡಿಯೇ ಇಷ್ಟೆಲ್ಲ ಆದದ್ದು. "ಗಂಡ ಇಲ್ಲದ ಈ ತಾಯಿ ಅಂತ ಹಾಕಿ. ಓದಿದ ಕೂಡಲೇ ತಿಳೀಬೇಕು" ಎಂದೆ. ಹೊಸ ಹಾಳೆಗಳು ಮಾರನೇ ಬೆಳಿಗ್ಗೆ ಮೊದಲ ಬಸ್ಸುಗಳಿಗೆ ಹೋದವು. ಹಳೆಯದು ಎಲ್ಲಿ ಕಂಡರೂ ಅದರ ಮೇಲೆ ಇದನ್ನು ಅಂಟಿಸಿ ಎಂದು ಪ್ರತಿಯೊಬ್ಬ ಕಂಡಕ್ಟರಿಗೂ ನಾನೇ ನಿಂತು ಹೇಳಿದೆ. ಒಬ್ಬ "ಆಯ್ತು ಬುಡ್ರವ್ವ, ಎಷ್ಟು ಸಲ ಹೇಳ್ತೀರಿ" ಎಂದು ರೇಗಿದ. ಅವನಿಗೆ ಇನ್ನೊಂದು ಸಲ ಹೇಳಿದೆ.

ಬುಧವಾರ ಯಾರೂ ಬರಲಿಲ್ಲ, ಗುರುವಾರವೂ ಇಲ್ಲ. ಶುಕ್ರವಾರ ಪಟಗಳಿಗೆ ಕುಂಕುಮ ಇಡುವಾಗ ಆ ಚಿತ್ರದ ಮುಂದೆ ನಿಲ್ಲಲಾರದೆ ಮುಖ ತಿರುಗಿಸಿದೆ. ಶನಿವಾರ ಸಂಜೆಯ ಹೊತ್ತಿಗೆ ಆ ಹೆಂಗಸನ್ನು ನಮ್ಮ ಮನೆಗೇ ಕರೆತಂದುಬಿಡೋಣವೇ ಎಂದು ಇವರನ್ನು ಕೇಳಿದೆ. "ನಾನೇ ಕೇಳೋಣ ಅಂತಿದ್ದೆ" ಎಂದರು. ಆದರೆ ಅವಳಿಗೆ ಬೇಕಾದದ್ದು ಅವಳ ಮನೆ, ನಮ್ಮ ಮನೆಯಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಕೆಂಚಿ ಬಾಗಿಲಲ್ಲಿ ಬಂದು ನಿಂತಳು, ಏದುಸಿರು ಬಿಡುತ್ತಿದ್ದಳು. "ಬನ್ರವ್ವ, ಮಗ ಬಂದವ್ನೆ! ಅವ್ವಾ ಅಂತ ಕೂಗ್ತಿದ್ದಂಗೇ ಅಳ್ತಾ ಅವ್ಳೆ!" ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ.

ಇಪ್ಪತ್ತೆಂಟು ಮೂವತ್ತರ ಗಟ್ಟಿ ಆಳು. ತಾಯಿಯ ಕೆನ್ನೆಮೂಳೆಯೇ ಅವನಿಗೂ. ಮಂಚದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಅವಳ ಕೆಲಸಕ್ಕೆ ಬಾರದ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಹೆಸರು ಮಾದೇವ, ಕೆ.ಆರ್. ನಗರದಿಂದ ಮೂರು ಮೈಲಿಯ ಹಳ್ಳಿ, ಒಂದೂವರೆ ಎಕರೆ ಗದ್ದೆ.

"ನಿಮ್ಮವ್ವನ ಹೆಸರೇನಪ್ಪ?" ಎಂದು ನಾನು ಮೊದಲು ಕೇಳಿದ್ದೇ ಅದು.

"ಪುಟ್ಟತಾಯಮ್ಮ ಕಣ್ರವ್ವ."

ಪುಟ್ಟತಾಯಮ್ಮ. ಹೆಚ್ಚುಕಡಿಮೆ ಒಂದು ತಿಂಗಳು ಬರಿ ಅವಳು, ಆಕೆ, ಆ ಹೆಂಗಸು ಎಂದು ಕರೆದಿದ್ದೆವು. ನಾನು ಕೂಗಿ ನೋಡಿದೆ. ತಟ್ಟನೆ ನನ್ನ ಕಡೆ ತಿರುಗಿದಳು.

ಹಬ್ಬ ಮುಗಿಸಿಕೊಂಡು ಕೋಟೆಯ ಹತ್ತಿರ ಕೊಟ್ಟಿದ್ದ ಮಗಳ ಮನೆಗೆ ಹೊರಟಿದ್ದಳಂತೆ, ಮೊಮ್ಮಕ್ಕಳಿಗೆ ಕಜ್ಜಾಯ ಕಟ್ಟಿಕೊಂಡು. ಹುಣಸೂರಿನಲ್ಲಿ ಬಸ್ ಬದಲಾಯಿಸಬೇಕಿತ್ತು. "ಅಕ್ಕನ ಮನೇಲಿ ಒಂದ್ ತಿಂಗ್ಳು ಇದ್ದು ಬತ್ತೀನಿ ಅಂದಿದ್ಲು. ಅಲ್ಲವ್ಳೆ ಅಂತ ನಾನಿದ್ದೆ. ನಮ್ಮನೇಲವ್ಳೆ ಅಂತ ಅಕ್ಕ ಇದ್ಲು. ನೆನ್ನೆ ನಮ್ಮೂರ್ ಬಸ್ ಮೇಲೆ ನಿಮ್ ಕಾಗ್ದ ನೋಡ್ದೆ. ಜೀವ ವೋದಂಗಾಯ್ತು" ಎಂದ ಮಾದೇವ.

ನನ್ನ ತಪ್ಪನ್ನು ಹೇಳದೆ ಇರಲು ನನ್ನಿಂದಾಗಲಿಲ್ಲ. "ಇದಕ್ಕೆ ಮುಂಚೆ ಇನ್ನೊಂದು ಹಾಕಿದ್ವಿ ಕಣಪ್ಪ. ಅದರಲ್ಲಿ ನಾನು ನಿಮ್ಮವ್ವಂಗೆ ಕುಂಕುಮ ಇಟ್ಟುಬಿಟ್ಟಿದ್ದೆ. ಗೊತ್ತಾಗಲಿಲ್ಲ. ಅದರಿಂದ ನಿನಗೆ ತಿಳಿಯೋದು ತಡವಾಯ್ತು. ನನ್ನ ಬಯ್ದುಬಿಡು."

ಅವನು ಬಯ್ಯಲಿಲ್ಲ. ತಲೆ ಕೆಳಗೆ ಹಾಕಿ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ನಮ್ಮ ಮೊದಲ ಹಾಳೆಯೇ. ಮೂಲೆಗಳು ಹರಿದಿದ್ದವು, ಹಿಂಬದಿಗೆ ಗೋಡೆಯ ಸುಣ್ಣ ಹತ್ತಿಕೊಂಡಿತ್ತು.

"ಇದ್ನ ನೋಡಿದ್ದೆ ಕಣ್ರವ್ವ, ಆವಾಗ್ಲೇ."

"ನೋಡಿದ್ಯಾ? ಮತ್ತೆ?"

"ಕುಂಕುಮ ಐತಲ್ಲ. ಕೈ ಮ್ಯಾಲಿನ ತೊಟ್ಲ ಅಚ್ಚೆ ನಮ್ ಕಡೆ ಎಲ್ಲಾ ಎಂಗುಸ್ರಿಗೂ ಐತೆ. ಓದ್ಸುದ್ರೆ ಮುತ್ತೈದೆ ಅಂತ ಬರ್ದವ್ರೆ ಅಂದ್ರು. ಪಾಪ ಯಾರ ಎಂಡ್ರೋ, ಗಂಡ ಉಡುಕ್ತಾ ಇರ್ತಾನೆ ಅಂದ್ಕಂಡೆ."

"ಹಾಗಾದ್ರೆ ಇದನ್ನ ಯಾಕೆ ಕಿತ್ಕೊಂಡು ಹೋದೆ?" ನನ್ನ ನಾಲಗೆ ಸುಮ್ಮನಿರಬೇಕಲ್ಲ.

ಮಾದೇವ ತಾಯಿಯ ಕಡೆ ನೋಡದೆ, ಕಾಗದದ ಮಡಿಕೆಗಳನ್ನು ಬೆರಳಿನಿಂದ ನೀವುತ್ತ ಹೇಳಿದ. "ನಾ ವೊಟ್ಟೇಲಿದ್ದಾಗ್ಲೇ ಅಪ್ಪ ಸತ್ತೋದ ಕಣ್ರವ್ವ. ಅವ್ವ ಕುಂಕುಮ ಇಟ್ಕಂಡಿದ್ದ ಮೊಕ ನಾ ಕಂಡೇ ಇಲ್ಲ. ನಮ್ಮನೇಲಿ ಒಂದ್ ಪೋಟವೂ ಇಲ್ಲ. ಬಸ್‌ಸ್ಟ್ಯಾಂಡಲ್ಲಿ ಇದ್ನ ನೋಡ್ದೇಟ್ಗೆ, ಅಪ್ಪ ಇದ್ದಿದ್ರೆ ನಮ್ಮವ್ವನೂ ಇಂಗೇ ಇರೋಳು ಅನ್ನುಸ್ತು. ನೋಡ್ತಾ ನಿಂತೆ, ಬಸ್ಸೂ ವೋಯ್ತು. ಇನ್ನೊಬ್ರು ಉಡುಕೋ ಕಾಗ್ದ, ಕೀಳಬಾರ್ದಿತ್ತು. ಆದ್ರೂ ಕಿತ್ಕಂಡ್ ವೋಗಿ ಒಲೆ ಪಕ್ಕದ ಗ್ವಾಡೆಗೆ ಅಂಟಿಸ್ದೆ. ಯಾವಳೋ ಕಾಣದೋಳ ಮೊಕ ಮನೇಲ್ಯಾಕೆ ಅಂತ ನನ್ನೆಂಡ್ರು ಬಯ್ದಳು. ಅವ್ವ ಅಕ್ಕನ ಮನೆಯಿಂದ ಬರ್ಲಿ, ಒಂದ್ಸಲ ತೋರ್ಸಿ ಕಿತ್ತಾಕ್ತೀನಿ ಸುಮ್ಕಿರು ಅಂದೆ."

ಇಷ್ಟು ಹೇಳಿ ಅವನು ಕಾಗದವನ್ನು ಬಿಡಿಸಿ ತಾಯಿಯ ಮುಂದೆ ಹಿಡಿದ.

ಪುಟ್ಟತಾಯಮ್ಮ ನೋಡಿದಳು. ಎಡಗೈ ಎತ್ತಿದಳು. ಹೆಬ್ಬೆರಳನ್ನು ಚಿತ್ರದ ಹಣೆಯ ಚುಕ್ಕಿಯ ಮೇಲಿಟ್ಟು ಅದನ್ನು ಮುಚ್ಚಿದಳು. ಈಗ ಹಣೆ ಬರಿದಾಯಿತು, ಈಗ ಕಾಣುತ್ತಿದ್ದದ್ದು ಮಗ ಬಲ್ಲ ತಾಯಿ. ಬೆರಳು ತೆಗೆದಳು. ಅವನು ಕಾಣದವಳು ಬಂದಳು. ಮತ್ತೆ ಮುಚ್ಚಿದಳು, ಮತ್ತೆ ತೆಗೆದಳು. ಹಾಗೆ ಎಷ್ಟು ಸಲವೋ. ಕೊನೆಗೆ ಬೆರಳನ್ನು ತೆಗೆದವಳು ಮತ್ತೆ ಇಡಲಿಲ್ಲ.

"ಯಾರವ್ವ ಇದು?" ಎಂದು ಮಾದೇವ ಕೇಳಿದ.

ಆಕೆ ಆ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಇಟ್ಟು ಒತ್ತಿಕೊಂಡಳು.

ನಾನು ಬಾಯಿಗೆ ಸೆರಗು ತುರುಕಿಕೊಂಡು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಇವರ ಕಣ್ಣೂ ಒದ್ದೆಯಾಗಿತ್ತು. ಡಾಕ್ಟರು ಒಳಗಿನಿಂದಲೇ ಕೂಗಿ, ನಾಳೆ ವ್ಯಾನು ಬೇಡವೆಂದು ಮೈಸೂರಿಗೆ ಹೇಳಿಬಿಡುತ್ತೇನೆ ಎಂದರು.